ಹೊದಿಕೆಯ ಹಿಂಬದಿ

ಗ್ರಂಥಸಂಗ್ರಾಹಕರಿಗೆ ಪುಸ್ತಕದ ಒಡಲಿಗಿಂತ ಅದರ ಮೇಲುಹೊದಿಕೆಯಲ್ಲಿಯೇ ಮೋಹ ಹೆಚ್ಚೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ. 1951ರ ಜುಲೈಯಲ್ಲಿ ಅಮೆರಿಕದ ಲಿಟ್ಲ್ ಬ್ರೌನ್ ಸಂಸ್ಥೆಯವರು ಹೊರತಂದ ಜೆ. ಡಿ. ಸ್ಯಾಲಿಂಜರನ 'ದ ಕ್ಯಾಚರ್ ಇನ್ ದ ರೈ' ಕಾದಂಬರಿಯ ಪ್ರಥಮ ಮುದ್ರಣದ ಪ್ರತಿಯೊಂದು ಮಾರಾಟಕ್ಕೆ ಬಂದಿತೆಂದರೆ, ನಮ್ಮ ಪಂಗಡದವರು ಮುಂಬದಿಯ ಕೆಂಪು ಕುದುರೆಯನ್ನು ಅದರ ಪಾಡಿಗೆ ಬಿಟ್ಟು, ಥಟ್ಟನೆ ಮಗುಚಿ, ಲೋಟೆ ಜಾಕೋಬಿ ತೆಗೆದ ಕಪ್ಪುಗಣ್ಣಿನ ತರುಣನ ಭಾವಚಿತ್ರ ಹಿಂಬದಿಯಲ್ಲಿ ಉಂಟೋ ಇಲ್ಲವೋ ಎಂದು ನೋಡುವರು. ತನ್ನ ಮುಖವು ಅಂಗಡಿಯ ಕಪಾಟುಗಳಲ್ಲಿ ಅಷ್ಟು ದೊಡ್ಡದಾಗಿ ಮೆರೆಯುವುದನ್ನು ಸಹಿಸದ ಗ್ರಂಥಕರ್ತನು ಕೆಲವೇ ಮುದ್ರಣಗಳ ತರುವಾಯ ಅದನ್ನು ತೆಗೆಸಿಹಾಕಿದನು. ತೆಗೆಸಿದ್ದರಿಂದಲೇ ಅದಕ್ಕೆ ಬೆಲೆ ಏರಿತು.

1944ರ ಜೂನ್ 6ರಂದು ನಾರ್ಮಂಡಿಯ ಯೂಟಾ ತೀರದಲ್ಲಿ ಇಳಿದು, ಹರ್ಟ್‌ಗೆನ್ ಅರಣ್ಯದ ಹಿಮದಲ್ಲಿ ಒಡನಾಡಿಗಳು ಸಾಲುಸಾಲಾಗಿ ಬಿದ್ದುದನ್ನು ಕಂಡು, ಯುದ್ಧಾಂತ್ಯದಲ್ಲಿ ಮನಸ್ಸು ಕುಸಿದು ಆಸ್ಪತ್ರೆ ಸೇರಿದ ಈ ಮನುಷ್ಯನಿಗೆ ಕೀರ್ತಿಯ ಗದ್ದಲ ರುಚಿಸದಿದ್ದುದು ಸೋಜಿಗವಲ್ಲ. 1953ರಲ್ಲಿ ಅವನು ನ್ಯೂಯಾರ್ಕನ್ನು ತೊರೆದು ನ್ಯೂ ಹ್ಯಾಂಪ್‌ಶೈರಿನ ಕಾರ್ನಿಶ್ ಎಂಬ ಹಳ್ಳಿಯ ಗುಡ್ಡವನ್ನು ಸೇರಿದನು. ಅಷ್ಟರಲ್ಲಾಗಲೇ ಅವನಿಗೆ ವೇದಾಂತದ ಗುಂಗು ಹಿಡಿದಿತ್ತು. ನಮ್ಮವರು 'ವಚನವೇದ'ವೆಂದು ಓದುವ ಶ್ರೀರಾಮಕೃಷ್ಣರ ಸಂಭಾಷಣೆಗಳನ್ನು ಇಂಗ್ಲಿಷಿಗೆ ತಂದ ಸ್ವಾಮಿ ನಿಖಿಲಾನಂದರು ನ್ಯೂಯಾರ್ಕಿನಲ್ಲಿ ನಡೆಸುತ್ತಿದ್ದ ಕೇಂದ್ರಕ್ಕೆ ಅವನು ಹೋಗಿಬರುತ್ತಿದ್ದನು. ಅವನ 'ಫ್ರ್ಯಾನಿ ಅಂಡ್ ಜೂಯಿ' ಪುಸ್ತಕದಲ್ಲಿ ಅಣ್ಣಂದಿರ ಕೋಣೆಯ ಬಾಗಿಲ ಮೇಲೆ ಗೀತೆಯ ಮಾತುಗಳೂ ಪರಮಹಂಸರ ಮಾತುಗಳೂ ಟಾಲ್‌ಸ್ಟಾಯ್, ಕಾಫ್ಕಾರ ಪಕ್ಕದಲ್ಲಿಯೇ ಸ್ಥಾನ ಪಡೆದಿರುವುದನ್ನು ಮೊದಲ ಸಲ ಓದಿದಾಗ, ಪರದೇಶದ ಮನೆಯೊಂದರಲ್ಲಿ ಅಜ್ಜನ ಪಂಚಪಾತ್ರೆಯನ್ನು ಕಂಡಂತಾಯಿತು ನನಗೆ.

1965ರ ಜೂನ್ 19ರ 'ನ್ಯೂಯಾರ್ಕರ್' ಸಂಚಿಕೆಯಲ್ಲಿ ಅಚ್ಚಾದ 'ಹ್ಯಾಪ್‌ವರ್ತ್' ಕಥೆಯೇ ಅವನು ಪ್ರಕಟಿಸಿದ ಕೊನೆಯ ಕೃತಿ. ಆಮೇಲೆ 2010ರಲ್ಲಿ, 91ನೆಯ ವಯಸ್ಸಿನಲ್ಲಿ, ತೀರಿಕೊಳ್ಳುವವರೆಗೆ ಬರೆಯುವುದನ್ನು ಬಿಡದೆ, ಅಚ್ಚಿಗೆ ಮಾತ್ರ ಒಂದಕ್ಷರವನ್ನೂ ಕೊಡದೆ ಬಾಳಿದ ಈ ಬಗೆಯನ್ನು ನಿಷ್ಕಾಮಕರ್ಮವೆಂದು ಕೊಂಡಾಡುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ, ನಿಷ್ಕಾಮಿಗೆ ವಕೀಲರೇಕೆ? ಜೀವನಚರಿತ್ರಕಾರ ಇಯಾನ್ ಹ್ಯಾಮಿಲ್ಟನ್ ತನ್ನ ಪತ್ರಗಳನ್ನು ಉದ್ಧರಿಸದಂತೆ ಅವನು ದಾವೆ ಹೂಡಿ 1987ರಲ್ಲಿ ಗೆದ್ದನು. ಆದರೆ ದಾವೆಗಾಗಿ ಆ ಪತ್ರಗಳ ಹಕ್ಕನ್ನು ಸರ್ಕಾರದಲ್ಲಿ ನೋಂದಾಯಿಸಬೇಕಾದುದರಿಂದ, ಚಿಲ್ಲರೆ ಶುಲ್ಕ ತೆತ್ತ ಯಾರಾದರೂ ಅವುಗಳನ್ನು ಕುಳಿತು ಓದುವಂತಾಯಿತು. ಭಾವಚಿತ್ರದ ಕಥೆಯೇ ಮತ್ತೊಮ್ಮೆ!

ಅವನು ಬಚ್ಚಿಟ್ಟ ಬರಹಗಳನ್ನು ಪ್ರಕಟಣೆಗೆ ಅಣಿಗೊಳಿಸುತ್ತಿರುವುದಾಗಿ ಅವನ ಮಗನು 2019ರಲ್ಲಿ ತಿಳಿಸಿದನು. ಆ ಪುಸ್ತಕ ಬಂದ ದಿನ, ಓದುವುದಕ್ಕೆ ಮೊದಲು, ಹಾಳು ಅಭ್ಯಾಸ, ನಾನು ಅದನ್ನು ಮಗುಚಿಯೇ ನೋಡುವೆನೇನೋ.