ಶಾಸನದ ಪಾಠ ಮತ್ತು ಊರ ಚಾವಡಿ

ಸಂಶೋಧನೆಯ ಸಾಮಗ್ರಿ ಯಾವ ಊರಿನ ಅಂಗಳದಲ್ಲಿ ದೊರೆಯಿತೋ ಆ ಊರಿಗೇ ಅದರ ಫಲ ತಲುಪದಿರುವುದು ಕನ್ನಡ ವಿದ್ವತ್ತಿನ ಹಳೆಯ ಕೊರತೆಗಳಲ್ಲೊಂದು. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ, ಶಿವಾಲಯವಿದೆ. ವಿಜಯನಗರದ ಕಾಲಕ್ಕೆ ಸೇರಿದ 1537ರ ಶಾಸನವೊಂದು ಊರಿನ ಮಸೀದಿಗೆ ಬಿಟ್ಟ ದತ್ತಿಯನ್ನು ತಿಳಿಸುತ್ತದೆ. ಹೀಗೆ ಒಂದೇ ಗ್ರಾಮದ ಎಲ್ಲೆಯೊಳಗೆ ಹಲವು ಶತಮಾನಗಳ ಬಾಳು ಕಲ್ಲಿನ ಮೇಲೆ ನಿಂತಿದೆ.

ಈ ಭಾಗದ ಶಾಸನಗಳನ್ನು ಮೊದಲು ವ್ಯವಸ್ಥಿತವಾಗಿ ಅಚ್ಚಿಗೆ ತಂದವರು ಬಿ. ಎಲ್. ರೈಸ್. ಕೃಷ್ಣರಾಜಪೇಟೆ, ನಾಗಮಂಗಲ ಮುಂತಾದ ತಾಲ್ಲೂಕುಗಳನ್ನೊಳಗೊಂಡ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡ ಲಿಪಿಯ ಪಾಠವುಂಟು, ರೋಮನ್ ಲಿಪಿಯ ಪಾಠವುಂಟು. ಅರ್ಥವಿರುವುದು ಮಾತ್ರ ಇಂಗ್ಲಿಷಿನಲ್ಲಿ. ಕಲ್ಲು ಕನ್ನಡ ನುಡಿಯಿತು, ಅದರ ಅರ್ಥ ಪರಭಾಷೆಯಲ್ಲಿ ಉಳಿಯಿತು. ಅಂದಿನ ಓದುಗರು ಅಧಿಕಾರಿಗಳೂ ವಿದ್ವಾಂಸರೂ ಆಗಿದ್ದುದರಿಂದ ರೈಸರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1977ರಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಪರಿಷ್ಕೃತ ಆವೃತ್ತಿಯ ಆರನೆಯ ಸಂಪುಟವಾಗಿ ಹೊರತಂದುದು ಸ್ತುತ್ಯರ್ಹವಾದ ಕಾರ್ಯ. ಆದರೂ ಅದು ವಿದ್ವಾಂಸನ ಮೇಜಿನ ಮೇಲಿರಬೇಕಾದ ಗ್ರಂಥ, ಚಾವಡಿಯಲ್ಲಿ ಓದುವ ಹೊತ್ತಗೆಯಲ್ಲ. ಇಂದು ಇಂಥ ಸಂಪುಟಗಳು ಗಣಕಯಂತ್ರದಲ್ಲಿಯೂ ದೊರೆಯುತ್ತವೆ. ಆದರೆ ದೊರೆಯುವುದು ಬೇರೆ, ತಿಳಿಯುವುದು ಬೇರೆ.

ಇದರಿಂದಾಗುವ ಹಾನಿ ಅಲ್ಪವಲ್ಲ. ರಸ್ತೆ ಎಲ್ಲಿ ಹಾಯಬೇಕು, ಕೆರೆಯ ಏರಿಯನ್ನು ಹೇಗೆ ದುರಸ್ತಿಮಾಡಬೇಕು, ಹಳೆಯ ಗುಡಿಯನ್ನು ಹೇಗೆ ಜೀರ್ಣೋದ್ಧಾರ ಮಾಡಬೇಕು ಎಂಬುದರಲ್ಲಿ ಗ್ರಾಮ ಪಂಚಾಯತಿಯ ಸದಸ್ಯರ, ದೇವಸ್ಥಾನದ ಧರ್ಮದರ್ಶಿಗಳ, ಊರ ಹಿರಿಯರ ಮಾತಿಗೆ ತೂಕವುಂಟು. ಶಾಸನವುಳ್ಳ ಕಲ್ಲು ಒಗೆಯುವ ಬಂಡೆಯಾಗುವುದು, ಅಕ್ಷರಗಳ ಮೇಲೆ ಸುಣ್ಣವೋ ಎಣ್ಣೆಬಣ್ಣವೋ ಬೀಳುವುದು ನಾಡಿನಲ್ಲೆಲ್ಲ ಕಾಣುವ ನೋಟ. ಇದು ದ್ವೇಷದಿಂದ ನಡೆಯುವ ಕೃತ್ಯವಲ್ಲ. ಏನು ಬರೆದಿದೆಯೆಂದು ಯಾರೂ ತಿಳಿಸದ ಕಲ್ಲು ಬರಿಯ ಕಲ್ಲಾಗಿಯೇ ಕಾಣುತ್ತದೆ.

ವಚನಸಾಹಿತ್ಯದ ಇತಿಹಾಸ ಇಲ್ಲಿ ಒಂದು ದಾರಿಯನ್ನು ತೋರಿಸುತ್ತದೆ. ಓಲೆಗರಿಯ ಕಟ್ಟುಗಳಲ್ಲಿ ಅಡಗಿದ್ದ ವಚನಗಳನ್ನು ಫ. ಗು. ಹಳಕಟ್ಟಿಯವರು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸಂಗ್ರಹಿಸುವುದು ಎಷ್ಟು ಮುಖ್ಯವೋ ಮುಟ್ಟಿಸುವುದೂ ಅಷ್ಟೇ ಮುಖ್ಯವೆಂಬುದನ್ನು ಅವರು ಅರಿತಿದ್ದರು. ಸರ್ಕಾರ 1993ರಲ್ಲಿ ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳ ಜನಪ್ರಿಯ ಆವೃತ್ತಿಯಾಗಿ ತಂದಾಗ ಆ ಕಾರ್ಯ ಮತ್ತಷ್ಟು ಮುಂದುವರಿಯಿತು. ವಚನದ ಭಾಷೆ ಆಡುನುಡಿಗೆ ಹತ್ತಿರ. ಶಾಸನದ ಭಾಷೆ ಹಾಗಲ್ಲ. ಆದುದರಿಂದ ಶಾಸನಕ್ಕೆ ಬರಿಯ ಅಗ್ಗದ ಮುದ್ರಣ ಸಾಲದು, ಅರ್ಥ ಹೇಳುವವರೂ ಬೇಕು.

ಸುಲಭಗೊಳಿಸುವಾಗ ಅಪಾಯವೂ ಇದೆ. ಹೇಳುವವನು ಮೆಚ್ಚಿಕೆಗಾಗಿ ಹೇಳತೊಡಗಿದರೆ ಶಾಸನ ಸ್ಥಳಪುರಾಣವಾಗುತ್ತದೆ. ಕೇಳುವವರು ತಮ್ಮ ಕುಲದ ಹಿರಿಮೆಯಷ್ಟನ್ನೇ ಆಯ್ದುಕೊಂಡರೆ ಅದು ವ್ಯಾಜ್ಯದ ಕಾಗದವಾಗುತ್ತದೆ. ಸಿಂಧಘಟ್ಟದಂಥ ಊರಿನಲ್ಲಿ ದೇವಾಲಯದ ದತ್ತಿಯನ್ನು ಮಾತ್ರ ಓದಿ ಮಸೀದಿಯ ದತ್ತಿಯನ್ನು ಬಿಡುವುದಾಗಲಿ, ಅದನ್ನು ಮಾತ್ರ ಓದಿ ಇದನ್ನು ಬಿಡುವುದಾಗಲಿ ಪಾಠಕ್ಕೂ ಊರಿಗೂ ಬಗೆಯುವ ದ್ರೋಹ. ಊರಿನ ಎಲ್ಲ ಶಾಸನಗಳೂ ಕಾಲಕ್ರಮದಲ್ಲಿ, ಅಳಿದ ಅಕ್ಷರವನ್ನು ಅಳಿದುದೆಂದೇ ತೋರಿಸಿ, ಒಟ್ಟಾಗಿ ಬರಬೇಕು.

ಇನ್ನೊಂದು ಸಂಗತಿಯನ್ನು ವಿದ್ವಾಂಸರು ಮರೆಯಲಾಗದು. ಗದ್ದೆ, ಬೆದ್ದಲು, ಖಂಡುಗ, ಕೊಳಗ, ಕೆರೆಯ ತೂಬು, ಕೋಡಿ ಇವು ಸಂಶೋಧಕನಿಗೆ ಅಡಿಟಿಪ್ಪಣಿಯ ವಿಷಯ. ಹಳ್ಳಿಯ ಹಿರಿಯನಿಗೆ ಬಾಳಿನ ಅನುಭವ. ದಾನಭೂಮಿಯ ಚತುಸ್ಸೀಮೆಯಲ್ಲಿ ಬರುವ ಹಳ್ಳದ ಹೆಸರು, ಮರಡಿಯ ಹೆಸರು ಇಂದಿಗೂ ಯಾವ ಹೊಲಕ್ಕೆ ಅಂಟಿಕೊಂಡಿದೆಯೆಂಬುದನ್ನು ಅಲ್ಲಿ ಉಳುವವನಷ್ಟು ಚೆನ್ನಾಗಿ ಯಾವ ಗ್ರಂಥಾಲಯವೂ ಹೇಳಲಾರದು. ಹಳ್ಳಿಗೆ ತಿಳಿಸಲು ಹೋದ ವಿದ್ವಾಂಸ ಅಲ್ಲಿಂದ ತಿಳಿದುಕೊಂಡೂ ಬರಬೇಕಾಗುತ್ತದೆ.

ಇದಕ್ಕೆ ಬೇಕಾದುದು ದೊಡ್ಡ ಯೋಜನೆಯೇನಲ್ಲ. ಊರಿಗೊಂದು ಚಿಕ್ಕ ಪುಸ್ತಿಕೆ: ಎಡಪುಟದಲ್ಲಿ ಮೂಲಪಾಠ, ಬಲಪುಟದಲ್ಲಿ ಹೊಸಗನ್ನಡದ ಅರ್ಥ, ಕೆಳಗೆ ಆ ಕಲ್ಲು ಈಗ ಇರುವ ಸ್ಥಳ. ಅದನ್ನು ಊರಿನ ಉಪಾಧ್ಯಾಯರೊಬ್ಬರು ಚಾವಡಿಯಲ್ಲಿ ಎಲ್ಲ ಪಂಗಡದವರೂ ಕುಳಿತಿರುವಾಗ ಒಮ್ಮೆ ಪೂರ್ತಿಯಾಗಿ ಓದಲಿ; ಅನಂತರ ಎಲ್ಲರೂ ಎದ್ದು ಹೋಗಿ ಆ ಕಲ್ಲುಗಳನ್ನು ನೋಡಿ ಬರಲಿ. 1898ರಲ್ಲಿ ಆರಂಭವಾದ ಕೆಲಸದ ಉಳಿದರ್ಧ ಅಲ್ಲಿಂದ ಮೊದಲಾಗುವುದು.