ಹಿಟ್ಟಿನ ಕೋಳಿಯೂ ಹಸಿರು ರಕ್ತವೂ

ನಾಯಂಡಹಳ್ಳಿಯ ಬಂಧುಗಳೊಬ್ಬರ ಮನೆಯಲ್ಲಿ, ಸೂರ್ಯಾಸ್ತಕ್ಕೆ ಮುನ್ನ ಊಟಕ್ಕೆ ಕರೆದರೂ ಏಳದ ಹುಡುಗನ ಪಕ್ಕದಲ್ಲಿ ಕುಳಿತು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಆಟವನ್ನು ಆದ್ಯಂತವಾಗಿ ನೋಡಿದೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧಕ್ಕೊಳಗಾದ ಬಳಿಕ 2021ರಲ್ಲಿ ಬಂದ ಭಾರತೀಯ ರೂಪವಿದು. 2022ರಲ್ಲಿ ತಡೆಹಿಡಿಯಲ್ಪಟ್ಟು 2023ರಲ್ಲಿ ಮರಳಿತು. 100 ಮಂದಿ ದ್ವೀಪವೊಂದಕ್ಕೆ ಇಳಿಯುತ್ತಾರೆ. ಸುರಕ್ಷಿತ ವಲಯ ಕಿರಿದಾಗುತ್ತ ಹೋಗುತ್ತದೆ. ಕೊನೆಗೆ ಉಳಿದವರಿಗೆ ಜಯ.

ಆಟದ ಗುಣವನ್ನು ಅಲ್ಲಗಳೆಯಲಾರೆ. ನಾಲ್ವರ ತಂಡದಲ್ಲಿ ಬಿದ್ದ ಗೆಳೆಯನನ್ನು ಎಬ್ಬಿಸಲು ಹುಡುಗ ತನ್ನ ಗೆಲುವನ್ನೇ ಪಣಕ್ಕಿಟ್ಟುದನ್ನು ಕಂಡೆ. ಯಾರನ್ನೂ ಹೊಡೆಯದೆ, ಅಡಗಿಕೊಂಡೇ ಬಹುದೂರ ಸಾಗಬಹುದಂತೆ. ಆದರೆ ಆ ಕಿರಿದಾಗುವ ವಲಯ ಎಲ್ಲರನ್ನೂ ಎದುರುಬದುರು ತಂದು ನಿಲ್ಲಿಸುತ್ತದೆ.

ಭಾರತೀಯ ರೂಪದಲ್ಲಿ ರಕ್ತವನ್ನು ಹಸಿರಾಗಿಸಿದರು. ‘ಕೊಂದೆ’ ಎನ್ನುವಲ್ಲಿ ‘ಮುಗಿಸಿದೆ’ ಎಂದರು. ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಈ ಉಪಾಯ ಹೊಸತಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಭವಭವಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಉಂಡ ದುಃಖ ಮಾತ್ರ ಹಿಟ್ಟಿನದಲ್ಲ. ಕೈ ಎತ್ತಿದಾಗ ಮನಸ್ಸಿನಲ್ಲಿದ್ದ ಸಂಕಲ್ಪವೇ ಅಲ್ಲಿ ಲೆಕ್ಕಕ್ಕೆ ಬಂತು.

ಹಾಗೆಂದು ಪ್ರತಿ ಬಾಲಕನನ್ನೂ ಯಶೋಧರನೆನ್ನುವುದು ಅತಿಯಾದೀತು. ಚದುರಂಗದಲ್ಲಿ ನಾವೂ ಆನೆ-ಕುದುರೆಗಳನ್ನು ಹೊಡೆದವರೇ. ನನ್ನನ್ನು ಕಾಡಿದ್ದು ಸೋತ ಮೇಲಿನ ಗಳಿಗೆ. ಅವನನ್ನು ಉರುಳಿಸಿದವನು ಎಲ್ಲಿಯೋ ಕುಳಿತ ಮತ್ತೊಬ್ಬ ಹುಡುಗ. ಅವನನ್ನು ಕುರಿತು ನಮ್ಮವನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಆ ಕ್ರೋಧಕಷಾಯಕ್ಕೆ ಹಸಿರು ಬಳಿಯುವವರಿಲ್ಲ. ಆಡಲು ಬಿಡಬಹುದೇ ಎಂದು ಅವನ ತಾಯಿ ಕೇಳಿದಾಗ, ಸದ್ಯಕ್ಕೆ ಬೇಡವೆಂದೆ. ಅಷ್ಟರಲ್ಲಿ ಹೊರಗೆ ಕತ್ತಲಾಗಿತ್ತು. ಹುಡುಗ ಅಂದು ಉಣ್ಣಲಿಲ್ಲ.