ಆಕಾಶದಿಂದ ಇಳಿದವರು, ಉತ್ತರದಿಂದ ಬಂದವರು

ಈ ಪುಟದಲ್ಲಿ ಪುಸ್ತಕ, ನಾಟಕ, ಹೆಚ್ಚೆಂದರೆ ಸಿನಿಮಾ ವಿಮರ್ಶೆ ಬರುವುದು ವಾಡಿಕೆ. ಈ ಸಲ ವಿಡಿಯೋ ಆಟವೊಂದರ ಬಗ್ಗೆ ಬರೆಯುತ್ತೇನೆ ಎಂದಾಗ ಸಂಪಾದಕರು ನನ್ನ ಮುಖವನ್ನೇ ನೋಡಿದರು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಅವರ ನಾಲಿಗೆಯ ತುದಿಯಲ್ಲಿದ್ದಿರಬೇಕು. ಹಿರಿಯನೆಂಬ ಗೌರವಕ್ಕೆ ನುಂಗಿಕೊಂಡರು.

ನಡೆದದ್ದಿಷ್ಟು. ಈ ವರ್ಷ ವಿಮಾನದ ಟಿಕೆಟ್ ದರ ನೋಡಿ ನನ್ನ ಮಗ ರಜೆಗೆ ಊರಿಗೆ ಹೋಗುವ ಯೋಚನೆ ಬಿಟ್ಟ. ನಾಲ್ಕು ಟಿಕೆಟ್ಟಿನ ಬದಲು ಎರಡೇ ಸಾಕೆಂದು ನಮ್ಮಿಬ್ಬರನ್ನೇ ಮಂಗಾಫಿನ ತನ್ನ ಮನೆಗೆ ಕರೆಸಿಕೊಂಡ. ಆಗಸ್ಟ್ ತಿಂಗಳ ಕುವೈತ್ ಎಂದರೆ ನಿಮಗೆ ಹೇಳಬೇಕಾಗಿಲ್ಲ, ಹೊರಗೆ ಕಾಲಿಟ್ಟರೆ ಕಾದ ಬಾಣಲೆ. ಹಾಗಾಗಿ ಹಗಲೆಲ್ಲ ಏಸಿಯ ಕೆಳಗೆ ಮೊಮ್ಮಗನ ಜೊತೆ ಸೆರೆವಾಸ. ಅವನಿಗೆ ಹದಿಮೂರು. ಒಂದು ಮಧ್ಯಾಹ್ನ, “ಅಜ್ಜ, ಇದರಲ್ಲಿ ಗುಂಡು ಹೊಡೆಯೋದು ಏನೂ ಇಲ್ಲ, ನೀವೂ ನೋಡಬಹುದು” ಎಂದು ಭರವಸೆ ಕೊಟ್ಟು ‘ಸೋಮರ್‌ವಿಲ್’ ಎಂಬ ಆಟ ಹಾಕಿದ. ನನ್ನಾಕೆ ಅಲ್ಲೇ ಸೋಫಾದ ಮೂಲೆಯಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕುಳಿತಿದ್ದಳು.

ಈ ಆಟ ದೊಡ್ಡ ಕಂಪೆನಿಗಳ ಕೋಟಿ ಕೋಟಿ ಬಂಡವಾಳದ ಸರಕಲ್ಲ. ಇಂಗ್ಲೆಂಡಿನ ಜಂಪ್‌ಶಿಪ್ ಎಂಬ ಪುಟ್ಟ ತಂಡದ ಕೆಲಸ, 2022ರ ನವೆಂಬರ್ 15ರಂದು ಬಿಡುಗಡೆಯಾಯಿತು. ತಂಡವನ್ನು ಕಟ್ಟಿದವರು ಸಿನಿಮಾ ಅನಿಮೇಷನ್ನಿನಿಂದ ಬಂದ ಕ್ರಿಸ್ ಓಲ್ಸನ್ ಮತ್ತು ‘ಲಿಂಬೊ’, ‘ಇನ್‌ಸೈಡ್’ ಎಂಬ ಹೆಸರಾಂತ ಆಟಗಳನ್ನು ತಂದ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡೀನೊ ಪಾಟಿ. ಬೇರೆ ಲೋಕದವರು ಭೂಮಿಯ ಮೇಲೆ ಎರಗುತ್ತಾರೆ, ಒಂದು ಸಂಸಾರ ಬದುಕಿ ಉಳಿಯಬೇಕು. ಕಥೆ ಇಷ್ಟೇ.

ಹಳೆಯ ಕಥೆಯೇ. 1898ರಲ್ಲಿ ಎಚ್. ಜಿ. ವೆಲ್ಸ್ ಮಂಗಳ ಗ್ರಹದವರನ್ನು ಇಂಗ್ಲೆಂಡಿನ ಹಳ್ಳಿಗಾಡಿಗೆ ಇಳಿಸಿದ್ದ. ಬಿಳಿಯರು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಮಾಡಿದ್ದನ್ನು ಅದೇ ಕಾದಂಬರಿಯಲ್ಲಿ ನೆನಪಿಸಿ ತನ್ನವರಿಗೆ ಕನ್ನಡಿ ಹಿಡಿದಿದ್ದ. 1978ರಲ್ಲಿ ಜಪಾನಿನ ‘ಸ್ಪೇಸ್ ಇನ್‌ವೇಡರ್ಸ್’ ಬಂತು, ಸಾಲುಸಾಲಾಗಿ ಇಳಿಯುವ ಪ್ರಾಣಿಗಳನ್ನು ಕೆಳಗಿನಿಂದ ಹೊಡೆಯುವ ಆಟ. ಅಲ್ಲಿಂದ ಮುಂದೆ ಈ ಬಗೆಯ ಆಟಗಳಲ್ಲಿ ಬಹುಪಾಲು ಬಂದೂಕಿನ ಕಡೆಯಿಂದಲೇ ನೋಡಿದವು. ಸೋಮರ್‌ವಿಲ್‌ನ ಹೊಸತನವೆಂದರೆ ಅದು ಅಡುಗೆಮನೆಯ ಕಡೆಯಿಂದ ನೋಡುತ್ತದೆ.

ಆರಂಭವನ್ನು ನಾನು ಮೂರು ಸಲ ಹಾಕಿಸಿ ನೋಡಿದೆ. ಗಂಡ, ಹೆಂಡತಿ ಟಿವಿ ಮುಂದೆ ಸೋಫಾದಲ್ಲೇ ನಿದ್ದೆ ಹೋಗಿದ್ದಾರೆ. ಮೊದಲು ಆಡಿಸಬೇಕಾದವನು ಅಪ್ಪನಲ್ಲ, ಆಗತಾನೇ ನಡೆಯಲು ಕಲಿತ ಮಗು. ಅದು ತಟಪಟನೆ ಹೆಜ್ಜೆ ಹಾಕುತ್ತಾ ಮನೆಯೆಲ್ಲ ಸುತ್ತುತ್ತದೆ. ಲೋಕ ಮುಳುಗುತ್ತಿರುವುದು ಅದಕ್ಕೆ ಗೊತ್ತಿಲ್ಲ. ಆಮೇಲೆ ಮನೆ ನಡುಗುತ್ತದೆ, ಆಕಾಶದಿಂದ ಕಂಬದಂಥ ಆಕಾರಗಳು ಇಳಿಯುತ್ತವೆ, ಸಂಸಾರ ನೆಲಮಾಳಿಗೆಗೆ ಓಡುತ್ತದೆ. ಅಲ್ಲಿ ಮೇಲಿನಿಂದ ಬಿದ್ದ ವಿಚಿತ್ರ ಸೈನಿಕನೊಬ್ಬನ ಕೈ ಮುಟ್ಟಿ ಅಪ್ಪ ಸತ್ತವನಂತೆ ಕುಸಿಯುತ್ತಾನೆ. ಎಚ್ಚರವಾದಾಗ ಹೆಂಡತಿ ಇಲ್ಲ, ಮಗು ಇಲ್ಲ, ಉಳಿದದ್ದು ನಾಯಿ. ಇನ್ನು ಅವರನ್ನು ಹುಡುಕಬೇಕು.

ಅಷ್ಟರಲ್ಲಿ ಮೊಮ್ಮಗ ಆಟ ನಿಲ್ಲಿಸಿ ಕೇಳಿದ: “ಅಜ್ಜ, ಇಲ್ಲಿಗೂ ಹೀಗೇ ಬಂದಿದ್ರಂತಲ್ಲ? ನೀವು ಆಗ ಇಲ್ಲೇ ಇದ್ರಾ?”

ಮೂವತ್ತೈದು ವರ್ಷದಲ್ಲಿ ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಆದ್ದರಿಂದ ಮುಂದಿನದು ಆಟದ ವಿಮರ್ಶೆಯೂ ಹೌದು, ಅವನಿಗೆ ಕೊಟ್ಟ ಉತ್ತರವೂ ಹೌದು.

1990ರ ಆಗಸ್ಟ್ 2, ಗುರುವಾರ. ನಾನು ಸಾಲ್ಮಿಯಾದಲ್ಲಿದ್ದೆ. ಶಾಲೆಗಳಿಗೆ ರಜೆ, ಅರ್ಧಕ್ಕರ್ಧ ಸಂಸಾರಗಳು ಊರಿನಲ್ಲಿ. ನನ್ನಾಕೆ ಒಂದೂವರೆ ವರ್ಷದ ಮಗನನ್ನು ಕರೆದುಕೊಂಡು ಕುಂದಾಪುರದ ತವರಿಗೆ ಹೋಗಿದ್ದಳು. (ಆ ಮಗನೇ ಈಗ ಟಿಕೆಟ್ ದರ ಲೆಕ್ಕ ಹಾಕುವವನು.) ಬೆಳಗಿನ ಜಾವ ಹೆಲಿಕಾಪ್ಟರ್ ಸದ್ದು. ಸೇನೆಯ ಅಭ್ಯಾಸವೆಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ. ಆಟದ ಆ ಸೋಫಾ, ಆ ಉರಿಯುತ್ತಿರುವ ಟಿವಿ ನೋಡಿದಾಗ ನನಗೆ ಮೈ ಜುಮ್ಮೆಂದದ್ದು ಇದಕ್ಕೇ. ದೊಡ್ಡ ಅನಾಹುತ ಬಂದಾಗ ಮನುಷ್ಯ ಸಾಮಾನ್ಯವಾಗಿ ನಿದ್ದೆಯಲ್ಲಿರುತ್ತಾನೆ ಎಂಬುದು ಆ ತಂಡಕ್ಕೆ ಹೇಗೋ ಗೊತ್ತಾಗಿದೆ. ನಾಯಕನ ನಡೆಯೂ ನಿಜ. ಅವನು ಓಡಲಾರ, ಎಡವುತ್ತಾನೆ, ಗೋಡೆ ಹಿಡಿದು ನಿಲ್ಲುತ್ತಾನೆ. ಚಿತ್ರಗಾರನ ಕಣ್ಣು ದೂರದಲ್ಲೇ ಇದ್ದು ಅವನನ್ನು ಹೆಬ್ಬೆರಳಿನಷ್ಟು ಮಾಡಿ ತೋರಿಸುತ್ತದೆ. ಎಲ್ಲರೂ ಬಿಟ್ಟು ಓಡಿದ ಒಂದು ಸಂಗೀತ ಉತ್ಸವದ ಮೈದಾನ ಬರುತ್ತದೆ, ಡೇರೆಗಳು ಹಾಗೇ ನಿಂತಿವೆ, ಜನ ಮಾತ್ರ ಇಲ್ಲ. ಇಡೀ ಆಟದಲ್ಲಿ ಅಷ್ಟು ಮನಸ್ಸಿಗೆ ನಾಟುವ ದೃಶ್ಯ ಇನ್ನೊಂದಿಲ್ಲ.

ಆದರೆ ಇಲ್ಲಿಂದ ಮುಂದೆ ನನಗೂ ಆಟಕ್ಕೂ ಜಗಳ.

ಈ ಆಟದಲ್ಲಿ ಒಂದೂ ಮಾತಿಲ್ಲ. ಅದನ್ನೇ ಅದರ ಹೆಗ್ಗಳಿಕೆ ಎಂದು ಹೊಗಳುವವರಿದ್ದಾರೆ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ದಾಳಿಗೊಳಗಾದ ಊರು ಮೌನವಾಗಿರುವುದಿಲ್ಲ ಸ್ವಾಮೀ! ನಾನು ನನ್ನ ಜೀವಮಾನದಲ್ಲೇ ಅಷ್ಟು ಮಾತನಾಡಿದ್ದು ಆ ಏಳು ವಾರಗಳಲ್ಲಿ. ಬೇಕರಿಯ ಮುಂದೆ ಖುಬ್ಬೂಸ್‌ಗೆ ನಿಂತ ಸಾಲಿನಲ್ಲಿ, ಜಮಿಯಾದ ಖಾಲಿ ಕಪಾಟಿನ ಮುಂದೆ, ಮೆಟ್ಟಿಲ ಮೇಲೆ, ತಾರಸಿಯ ಮೇಲೆ, ಎಲ್ಲೆಲ್ಲೂ ಮಾತು. ಯಾವ ದಾರಿ ತೆರೆದಿದೆ, ಯಾರ ಕಾರಿನಲ್ಲಿ ಜಾಗವಿದೆ, ಬಿಬಿಸಿ ಏನೆಂದಿತು, ರಾಯಭಾರ ಕಚೇರಿಯಲ್ಲಿ ಪಟ್ಟಿ ಬರೆಯುತ್ತಿದ್ದಾರಂತೆ ಹೌದೇ. ನಮ್ಮ ಕಟ್ಟಡದ ಹಾರಿಸ್ ಈಜಿಪ್ಟಿನವನು, ಅವನೇ ನಮ್ಮ ವಾರ್ತಾ ಸಂಸ್ಥೆ. ಪಕ್ಕದ ಮನೆಯ ಮಲಯಾಳಿ ದಂಪತಿಗೆ ನನ್ನ ಹತ್ತು ಕಿಲೋ ಅಕ್ಕಿ ಗೊತ್ತಿತ್ತು, ನನಗೆ ಅವರ ಹಾಲಿನ ಪುಡಿ ಗೊತ್ತಿತ್ತು. ಬದುಕಿ ಉಳಿಯುವುದೆಂದರೆ ಇದೇ ಆಗಿತ್ತು. ಸೋಮರ್‌ವಿಲ್‌ನ ಅಪ್ಪನಿಗೆ ನೆರೆಹೊರೆಯೇ ಇಲ್ಲ. ಹಸಿವಿಲ್ಲ, ಬಾಯಾರಿಕೆಯಿಲ್ಲ, ಕಿಸೆಯಲ್ಲಿ ಪಾಸ್‌ಪೋರ್ಟ್ ಇದೆಯೋ ಇಲ್ಲವೋ ಎಂದು ಹತ್ತು ಸಲ ಮುಟ್ಟಿ ನೋಡುವ ಚಿಂತೆಯಿಲ್ಲ.

ಅವನಿಗಿರುವುದು ಮಂತ್ರದ ಕೈ. ನೀಲಿ ಬೆಳಕು ಹಾಯಿಸಿದರೆ ಪರಲೋಕದ ಗಟ್ಟಿ ವಸ್ತು ಕರಗುತ್ತದೆ, ಕೆಂಪು ಹಾಯಿಸಿದರೆ ಕರಗಿದ್ದು ಗಟ್ಟಿಯಾಗುತ್ತದೆ. ದಾರಿಗೆ ಅಡ್ಡ ಬಂದದ್ದನ್ನು ಹೀಗೆ ಕರಗಿಸುತ್ತಾ, ಗಟ್ಟಿ ಮಾಡುತ್ತಾ ಮುಂದೆ ಹೋಗುವುದೇ ಆಟ. ಮೊಮ್ಮಗನಿಗೆ ಇದು ಬಹಳ ಇಷ್ಟವಾಯಿತು, ಒಗಟು ಬಿಡಿಸುವ ಖುಷಿ ಅವನದು. ನನಗೆ ಮಾತ್ರ ಸಫ್ವಾನ್ ಗಡಿ ನೆನಪಾಯಿತು. ಅಲ್ಲಿ ಕರಗಿಸಬೇಕಾಗಿದ್ದುದು ಮೇಜಿನ ಹಿಂದೆ ಕುಳಿತ ಒಬ್ಬ ಮನುಷ್ಯನ ಮನಸ್ಸನ್ನು, ನನ್ನ ಬಳಿಯಿದ್ದ ಬೆಳಕೆಂದರೆ ಒಂದು ಕೈಗಡಿಯಾರ.

ಇನ್ನು ದಾಳಿಕೋರರು. ಇಂಗ್ಲಿಷಿನಲ್ಲಿ ಏಲಿಯನ್ ಎಂದರೆ ಬೇರೆ ಗ್ರಹದವನೂ ಹೌದು, ಬೇರೆ ದೇಶದವನೂ ಹೌದು. ನಮ್ಮ ‘ಪರದೇಶಿ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ ದಿಕ್ಕಿಲ್ಲದವನು ಎಂಬ ಅರ್ಥವನ್ನೂ ಕೊಡುತ್ತದೆ. 1990ರಲ್ಲಿ ನಾವು ಮೂರೂ ಅರ್ಥದಲ್ಲಿ ಏಲಿಯನ್‌ಗಳೇ. ದಾಳಿಯಾದ ದೇಶ ನಮ್ಮದಲ್ಲ, ದಾಳಿ ಮಾಡಿದವರು ನಮ್ಮ ವೈರಿಗಳಲ್ಲ. ಆಗಸ್ಟ್ 28ರಂದು ಕುವೈತ್ ಇರಾಕಿನ ಹತ್ತೊಂಬತ್ತನೇ ಪ್ರಾಂತವೆಂದು ಘೋಷಣೆಯಾಯಿತು, ನಾವು ನಿಂತ ನೆಲದ ಹೆಸರೇ ಬದಲಾಯಿತು. ಆದರೆ ನಮ್ಮ ಬೀದಿಯ ತುದಿಯಲ್ಲಿ ನಿಂತಿದ್ದ ಸೈನಿಕರು ಹಾರಿಸ್ ಹತ್ತಿರ ನೀರು ಕೇಳಿ ಕುಡಿಯುವ, ಕಾಲಿಗೆ ಹರಿದ ಬೂಟು ಹಾಕಿದ ಹುಡುಗರು. ಅವರನ್ನು ಕಂಡರೆ ಭಯವೂ ಆಗುತ್ತಿತ್ತು, ಒಮ್ಮೊಮ್ಮೆ ಅಯ್ಯೋ ಎಂದೂ ಅನಿಸುತ್ತಿತ್ತು. ಭಯ ಸುಳ್ಳಲ್ಲ: 1991ರ ಫೆಬ್ರವರಿ 24ರಂದು ಕುರೈನಿನ ಮನೆಯೊಂದರಲ್ಲಿ ಸಿಕ್ಕಿಬಿದ್ದ ಕುವೈತಿ ಯುವಕರ ತಂಡದಲ್ಲಿ 12 ಮಂದಿ ಜೀವ ತೆತ್ತರು, ಶೆಲ್ ಬಿದ್ದು ಹರಿದ ಗೋಡೆಗಳ ಸಮೇತ ಆ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ಆಟದ ದಾಳಿಕೋರರಿಗೆ ಮುಖವಿಲ್ಲ, ಅವರ ಮೇಲೆ ಸಿಟ್ಟೂ ಬರುವುದಿಲ್ಲ, ಕನಿಕರವೂ ಬರುವುದಿಲ್ಲ. ಮಳೆ, ಸಿಡಿಲಿನಂತೆ ಬಂದವರು ಅಷ್ಟೇ.

ಚೆಲುವು ಹೆಚ್ಚಾದರೂ ತೊಂದರೆಯೇ. ಜರ್ಮನಿಯ ನಿರ್ದೇಶಕ ವೆರ್ನರ್ ಹೆರ್ಜಾಗ್ 1992ರಲ್ಲಿ ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ ಎಂಬ ಚಿತ್ರ ಮಾಡಿದ. ಉರಿಯುತ್ತಿದ್ದ ನಮ್ಮ ಕುವೈತಿನ ಎಣ್ಣೆಬಾವಿಗಳನ್ನು ಯಾವುದೋ ಗ್ರಹಕ್ಕೆ ಬಂದಿಳಿದ ಪರಕೀಯನ ಕಣ್ಣಿನಿಂದ ನೋಡಿದಂತೆ ಚಿತ್ರಿಸಿದ, ಕುವೈತ್ ಎಂದು ಹೇಳಲೂ ಇಲ್ಲ. ಘೋರವನ್ನು ಸುಂದರ ಮಾಡಿದೆ ಎಂದು ಬರ್ಲಿನ್ನಿನಲ್ಲಿ ಜನ ಕೂಗಾಡಿದರಂತೆ. ಆರುನೂರಕ್ಕೂ ಹೆಚ್ಚು ಬಾವಿ ಹೊತ್ತಿ, ಕೊನೆಯದು ಆರಿದ್ದು 1991ರ ನವೆಂಬರ್ 6ರಂದು. 1992ರಲ್ಲಿ ಮರಳಿ ಬಂದಾಗ ನನಗೆ ಕಂಡದ್ದು ಗೋಡೆಗಳ ಮೇಲಿನ ಕರಿ. ಹೆರ್ಜಾಗನ ಚಿತ್ರದಲ್ಲಿ ಕೊನೇಪಕ್ಷ ಆ ಬೆಂಕಿ ನಿಜವಾದದ್ದು. ಸೋಮರ್‌ವಿಲ್ ಕೊನೆಯ ಅರ್ಧ ಗಂಟೆಯಲ್ಲಿ ಮನೆ, ಮಗು ಎಲ್ಲವನ್ನೂ ಬಿಟ್ಟು ಬಣ್ಣದ ಬೆಳಕುಗಳ ಲೋಕಕ್ಕೆ ಹಾರುತ್ತದೆ. ಮುಕ್ತಾಯಗಳು ಹಲವು, ಯಾವ ಬಣ್ಣ ಆರಿಸಿದೆವು ಎಂಬುದರ ಮೇಲೆ. ಮೊಮ್ಮಗ ಎರಡನ್ನು ಕಂಡು, “ಅರ್ಥ ಆಗಲಿಲ್ಲ ಅಜ್ಜ” ಎಂದ. ನನಗೂ ಆಗಲಿಲ್ಲ.

ಹಸಿವು, ನೆರೆಹೊರೆ ಎರಡೂ ಇರುವ ಆಟ ಬೇಕೆಂದರೆ ಪೋಲೆಂಡಿನ 11 ಬಿಟ್ ಸ್ಟುಡಿಯೋಸ್‌ನವರ ‘ದಿಸ್ ವಾರ್ ಆಫ್ ಮೈನ್’ ಇದೆ, 2014ರದು, ಸಾರಾಯೆವೊ ನಗರದ ಮುತ್ತಿಗೆಯಿಂದ ಪ್ರೇರಣೆ ಪಡೆದದ್ದು. ಅದರಲ್ಲಿ ಒಬ್ಬ ಮುದುಕ, ಮುದುಕಿಯ ಮನೆಯಿಂದ ಔಷಧಿ ಕದಿಯಬೇಕೋ ಬೇಡವೋ ಎಂದು ಆಡುವವನೇ ತೀರ್ಮಾನಿಸಬೇಕು. ಮಕ್ಕಳಿಗೆ ಕೊಡುವ ಮುಂಚೆ ತಂದೆ ತಾಯಿ ಒಮ್ಮೆ ನೋಡಿಕೊಳ್ಳಿ, ಭಾರವಾದ ಆಟ. ನಮ್ಮದೇ ಕಥೆಯೆಂದು ಬಂದ 2016ರ ‘ಏರ್‌ಲಿಫ್ಟ್’ ಹಿಂದಿ ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮ್ಮಾನಿನಿಂದ ಏರ್ ಇಂಡಿಯಾ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಸಾಗಿಸಿದ್ದು ನಿಜ. ಅದನ್ನು ಒಬ್ಬನೇ ಶ್ರೀಮಂತ ನಾಯಕನ ಹೆಗಲಿಗೆ ಹೊರಿಸಿದ್ದು ಸಿನಿಮಾ. ಆ ನಾಯಕ ಕಲ್ಪನೆಯವನು, ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಬಸ್ರಾದಿಂದ ಬಾಗ್ದಾದಿನವರೆಗೆ ವಾಂತಿ ಮಾಡಿಕೊಂಡ ಗೋವೆಯ ಮುದುಕ ನಿಜವಾದವನು.

ಇಷ್ಟೆಲ್ಲ ನಾನು ಮೊಮ್ಮಗನಿಗೆ ಹೇಳಿ ಮುಗಿಸಿ, ಸ್ವಲ್ಪ ಹೆಮ್ಮೆಯಿಂದಲೇ ನೀರು ಕುಡಿಯುತ್ತಿದ್ದಾಗ, ನನ್ನಾಕೆ ಬೀನ್ಸ್ ಬುಟ್ಟಿ ಕೆಳಗಿಟ್ಟು ಕೇಳಿದಳು: “ಅಲ್ಲ, ಆ ಹೆಂಗಸು ಮಗು ಎತ್ತಿಕೊಂಡು ಎಲ್ಲಿಗೆ ಹೋದಳು? ಅದನ್ನು ತೋರಿಸಲೇ ಇಲ್ಲವಲ್ಲ.”

ಹೌದು, ತೋರಿಸುವುದಿಲ್ಲ. ಗಂಡ ಸತ್ತನೆಂದುಕೊಂಡು ಕೂಸನ್ನು ಎತ್ತಿ ಆ ಬೆಂಕಿಯ ನಡುವೆ ನಡೆದವಳು ಅವಳು, ಕೈಯಲ್ಲಿ ಯಾವ ಮಂತ್ರದ ಬೆಳಕೂ ಇಲ್ಲದೆ. ನಾವು ಆಡುವುದು ಅವಳ ಆಟವನ್ನಲ್ಲ. ಅವಳು ಏನು ತಿನ್ನಿಸಿದಳು, ಅತ್ತರೆ ಹೇಗೆ ಬಾಯಿ ಮುಚ್ಚಿಸಿದಳು, ಇದ್ಯಾವುದೂ ಆಟದಲ್ಲಿಲ್ಲ. ಇಷ್ಟು ದೊಡ್ಡ ತೂತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಮಾತಿನ ಕೊರತೆ, ಖುಬ್ಬೂಸಿನ ಕೊರತೆ ಮಾತ್ರ ಬಿದ್ದಿತ್ತು.

ಆಮೇಲೆ ಅವಳೇ ಮೊಮ್ಮಗನಿಗೆ ಹೇಳಿದಳು, ಮತ್ತೆ ಬೀನ್ಸ್ ಕೈಗೆತ್ತಿಕೊಂಡು. ಕುವೈತಿಗೆ ಫೋನ್ ಹೋಗುತ್ತಿರಲಿಲ್ಲ. ಬೆಳಗಾದರೆ ಉದಯವಾಣಿ, ಸಂಜೆಯಾದರೆ ರೇಡಿಯೋ. ಬಂದವರ ಸುದ್ದಿ ಸಿಕ್ಕಿದರೆ, ಬಸ್ರೂರಾಗಲಿ ಬ್ರಹ್ಮಾವರವಾಗಲಿ, ಮಗುವನ್ನು ಸೊಂಟಕ್ಕೇರಿಸಿ ಬಸ್ಸು ಹತ್ತುವುದು, “ಸಾಲ್ಮಿಯಾ ಕಡೆಯವರನ್ನು ಕಂಡಿರಾ?” ಎಂದು ಕೇಳುವುದು. ಕೆಲವರು ಮಾತಾಡಿಸಿದರು, ಕೆಲವರು ಸುಸ್ತಾಗಿ ಮಲಗಿದ್ದಾರೆಂದು ಬಾಗಿಲಲ್ಲೇ ಕಳಿಸಿದರು. ಸೆಪ್ಟೆಂಬರ್ ಮೊದಲ ವಾರ ಬೊಂಬಾಯಿಯ ಮುದ್ರೆಯಿದ್ದ ಒಂದು ಕವರ್ ಬಂತು. ನಾನು ಯಾರೋ ಹೊರಟವರ ಕೈಯಲ್ಲಿ ಕೊಟ್ಟಿದ್ದ ನಾಲ್ಕು ಸಾಲು. ಆದರೆ ಅದರಲ್ಲಿ ತಾರೀಕು ಬರೆದಿರಲಿಲ್ಲ. “ತಾರೀಕು ಇಲ್ಲದ ಕಾಗದ ಇಟ್ಟುಕೊಂಡು ನಾನು ಏನು ಮಾಡಬೇಕಿತ್ತು? ಬರೆದಾಗ ಇದ್ದರು, ಈಗ?” ಎಂದಳು, ನನ್ನ ಕಡೆ ನೋಡದೆ. ನಾನು ಬೊಂಬಾಯಿಯಲ್ಲಿ ಇಳಿದು ಪಕ್ಕದ ಮನೆಗೆ ಫೋನ್ ಮಾಡಿದ್ದು ಅದಾದ ಹದಿನೇಳು ದಿನಕ್ಕೆ. ಮೂವತ್ತೈದು ವರ್ಷ ಜೊತೆಗಿದ್ದರೂ ಆ ತಾರೀಕಿನ ಮಾತು ನನಗೆ ಗೊತ್ತಿರಲಿಲ್ಲ.

ಮೊಮ್ಮಗ ಆಟವನ್ನು ಮತ್ತೆ ಮೊದಲಿಂದ ಹಾಕಿದ. ಮಗು ನಡೆಯುವ ಭಾಗ ಬಂದಾಗ ಅಜ್ಜಿಯ ಕೈಗೆ ಕೊಟ್ಟ. ಅವಳು ಮಗುವನ್ನು ಬಹಳ ಹೊತ್ತು ಅಡುಗೆಮನೆಯಲ್ಲೇ ಸುತ್ತಾಡಿಸಿದಳು. ಮುಂದಕ್ಕೆ ಹೋಗಲು ಬಿಡಲಿಲ್ಲ.

ಆಟ ಎಕ್ಸ್‌ಬಾಕ್ಸ್‌ನಲ್ಲೂ ಕಂಪ್ಯೂಟರಿನಲ್ಲೂ ಆಡಬಹುದು, 2023ರಿಂದ ಪ್ಲೇಸ್ಟೇಷನ್‌ನಲ್ಲೂ ಇದೆ. ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಒಂದೂವರೆ ಗಂಟೆಗಾಗಿ ಖಂಡಿತ ನೋಡಿ, ಕೊನೆಯದನ್ನು ಮಕ್ಕಳಿಗೆ ಬಿಡಿ. 1990ರ ಆಗಸ್ಟ್‌ನಲ್ಲಿ ಊರಿನಲ್ಲಿ ಕುಳಿತು ಕಾದ ಅಕ್ಕಂದಿರು ಯಾರಾದರೂ ಈ ಸಂಚಿಕೆ ಓದುತ್ತಿದ್ದರೆ, ಮುಂದಿನ ತಿಂಗಳ ಕೂಟದಲ್ಲಿ ನನ್ನಾಕೆ ಚಹಾದ ಮೇಜಿನ ಹತ್ತಿರ ಸಿಗುತ್ತಾಳೆ. ಅವಳಿಗೆ ಕೇಳುವುದು ತುಂಬಾ ಇದೆಯಂತೆ.